ಹದಿನೇಳನೇ ನಂಬರಿನ ಗುಂಡಿಗೆ

೨೦೦೨ರ ಜನವರಿ ೨೧, ಸೋಮವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಕೊಟ್ಟೂರು ಠಾಣೆಗೆ ಒಬ್ಬ ಹೆಣ್ಣುಮಗಳು ಬಂದು, ಕಳವಿನ ದೂರು ಕೊಡಬೇಕು ಎಂದರು. ಹೆಡ್ ಕಾನ್‌ಸ್ಟೇಬಲ್ ಅಂಜಿನೇಯಲು ಕುರ್ಚಿ ತೋರಿಸಿ, ಪೆನ್ನಿನ ಮುಚ್ಚಳ ತೆಗೆದ.

"ಏನು ಕಳವಾತ್ರಿ? ಬಂಗಾರನಾ, ಗಾಡಿನಾ?"

"ಒಂದು ಫೈಲು."

"ಫೈಲಿನಾಗ ಏನಿತ್ರಿ?"

"ಒಬ್ಬ ಹುಡುಗನ ಎದೆಬಡಿತದ ಚಿತ್ರ."

ಅಂಜಿನೇಯಲು ಪೆನ್ನಿನ ಮುಚ್ಚಳ ಮತ್ತೆ ಹಾಕಿದ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಗುಂಡಿಗೆ ಕಳವಾಯಿತೆಂದು ಹೇಳಿಕೊಂಡು ಬಂದವರು ಇಬ್ಬರು. ಇಬ್ಬರೂ ಕಾಲೇಜು ಹುಡುಗರು, ಇಬ್ಬರಿಗೂ ಬುದ್ಧಿ ಹೇಳಿ ಕಳಿಸಿದ್ದ. ಈ ಅಮ್ಮನಿಗೆ ಯಾವ ಕಲಂ ಹಚ್ಚುವುದು ಎಂದು ತಿಳಿಯದೆ ಒಳಗೆ ಹೋಗಿ ಸಾಹೇಬರನ್ನು ಕರೆದ.

ಸಬ್ ಇನ್‌ಸ್ಪೆಕ್ಟರ್ ಗಂಗಾಧರ ಹೊರಗೆ ಬಂದು ಎದುರಿಗೆ ಕೂತರು. ಅವರದು ಒಂದು ರೂಢಿ: ಒಂದು ಪ್ರಶ್ನೆ ಕೇಳಿದರೆ ಉತ್ತರ ಪೂರ್ತಿ ಮುಗಿಯುವವರೆಗೆ ಎರಡನೆಯದು ಕೇಳುತ್ತಿರಲಿಲ್ಲ. ಸಣ್ಣವರಿದ್ದಾಗ ಅಜ್ಜಿಯ ಮಗ್ಗುಲಲ್ಲಿ ಕೂತು ಶ್ರಾವಣದುದ್ದಕ್ಕೂ ಪುರಾಣ ಕೇಳಿದವರು. ಓದುವವರು ಉಸಿರು ತಗೊಳ್ಳುವಾಗ ನಡುವೆ ಬಾಯಿ ಹಾಕಬಾರದೆಂದು ಅಲ್ಲಿಯೇ ಕಲಿತದ್ದು.

"ಹೇಳ್ರಿ ಅಮ್ಮ," ಎಂದರು.

ಆಕೆ ಡಾಕ್ಟರ್ ಸೌಭಾಗ್ಯ. ಹಡಗಲಿಯ ಮಲ್ಲಿಗೆ ತೋಟದ ಮನೆಯವರು. ದಾವಣಗೆರೆಯ ಒಂದು ವೈದ್ಯಕೀಯ ಕಾಲೇಜಿನಲ್ಲಿ, ದುಡಿಯುವಾಗ ಮತ್ತು ಓಡುವಾಗ ಮನುಷ್ಯನ ಮೈ ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಸಂಶೋಧನೆ ಮಾಡುತ್ತಿದ್ದರು. ಕೊಟ್ಟೂರಿನ ಸುತ್ತ ಕುರಿ ಸಾಕುವ ಮನೆತನಗಳ ಇಪ್ಪತ್ನಾಲ್ಕು ಹುಡುಗರನ್ನು ಆರಿಸಿಕೊಂಡಿದ್ದರು. ಎಲ್ಲರೂ ಹದಿನೆಂಟರಿಂದ ಇಪ್ಪತ್ತೆರಡರ ಒಳಗಿನವರು.

"ಕೂತಾಗ ನಮ್ಮ ಗುಂಡಿಗೆ ನಿಮಿಷಕ್ಕೆ ಎಪ್ಪತ್ತು ಸಲ ಬಡಿಯುತ್ತೆ ಸರ್. ಈ ಹುಡುಗರದು ಐವತ್ತು, ನಲವತ್ತೈದು. ನಡಿಗೆ ಕಲಿತಾಗಿನಿಂದ ಕುರಿ ಹಿಂದೆ ನಡೆದವರಲ್ವಾ, ದೊಡ್ಡ ದೊಡ್ಡ ಓಟಗಾರರ ಹಾಗೆ ಗುಂಡಿಗೆ ಪಳಗಿದೆ. ಒಂದೇ ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತೆ. ಅದನ್ನು ಅಳೆಯೋದೇ ನನ್ನ ಕೆಲಸ."

ನವೆಂಬರಿನಲ್ಲಿ ನಾಲ್ಕು ದಿನ, ಊರಾಚೆಯ ಹಳೇ ಹತ್ತಿ ಗಿರಣಿಯ ಗೋದಾಮಿನಲ್ಲಿ ಪರೀಕ್ಷೆ ನಡೆದಿತ್ತು. ಮೊದಲು ಮಲಗಿಸಿ ಇಸಿಜಿ. ಆಮೇಲೆ ಮೊಣಕಾಲೆತ್ತರದ ಬೆಂಚು ಹತ್ತಿ ಇಳಿಯುವುದು, ತಾಳಕ್ಕೆ ಸರಿಯಾಗಿ ಐದು ನಿಮಿಷ. ಆಮೇಲೆ ಕೂರಿಸಿ, ಬಡಿತ ಎಷ್ಟು ಬೇಗ ಇಳಿಯುತ್ತದೆಂದು ಎಣಿಸುವುದು. ಚಿತ್ರಗಳನ್ನು ಸಾವಕಾಶವಾಗಿ ನೋಡಿದ ಹೃದಯ ತಜ್ಞರು ಹದಿನೇಳನೇ ನಂಬರಿನ ಬಳಿ ಕೆಂಪು ಗೆರೆ ಎಳೆದಿದ್ದರು.

"ಇದು ಪಳಗಿದ್ದಲ್ಲ ಸರ್. ಗುಂಡಿಗೆಯ ಗೋಡೆ ದಪ್ಪ ಆಗಿರೋ ಕಾಯಿಲೆ ಇರಬಹುದು. ಮೇಲಿಂದ ನೋಡಿದರೆ ಎರಡೂ ಒಂದೇ ತರ, ಗಟ್ಟಿ ಆಳು ಅನ್ನಿಸುತ್ತೆ. ಆದರೆ ಜೋರಾಗಿ ಓಡುವಾಗ ಬಡಿತ ತಪ್ಪಿದರೆ ಅಲ್ಲೇ ಬಿದ್ದುಹೋಗ್ತಾನೆ. ಓಡಬೇಡ, ದಾವಣಗೆರೆಗೆ ಬಾ, ಸ್ಕ್ಯಾನ್ ಮಾಡೋಣ ಅಂತ ಕಾಗದ ಬರೆದೆ. ಬರಲಿಲ್ಲ. ನಾನೇ ಕರೆದುಕೊಂಡು ಹೋಗೋಣ ಅಂತ ಇವತ್ತು ಬಂದು ಗೋದಾಮು ತೆಗೆದರೆ ಅವನೊಬ್ಬನ ಫೈಲೇ ಇಲ್ಲ."

"ಹುಡುಗನ ಹೆಸರು?"

"ಬೀರಲಿಂಗೇಶ್. ಬನ್ನಿಗೋಳಹಟ್ಟಿಯವನು. ಬರುವ ಸೋಮವಾರ ಬಳ್ಳಾರಿಯಲ್ಲಿ ನಿಮ್ಮದೇ ಇಲಾಖೆಯ ನೇಮಕಾತಿ ಓಟಕ್ಕೆ ಹೋಗ್ತಾನಂತೆ. ಫೈಲು ಸಿಗಲಿ ಬಿಡಲಿ, ಅವನು ಓಡಬಾರದು ಸರ್."

ಗಂಗಾಧರ ಅಂಜಿನೇಯಲುವಿನ ಕಡೆ ತಿರುಗಿದರು. "ಬರಿ. ಕಲಂ ಮುನ್ನೂರಾ ಎಂಬತ್ತು, ಕಟ್ಟಡದೊಳಗಿನ ಕಳವು."

ಎಫ್‌ಐಆರ್ ನಂಬರು ೧೧/೨೦೦೨. ವೇಳೆ ಹನ್ನೊಂದು ಇಪ್ಪತ್ತು.

ಹನ್ನೆರಡಕ್ಕೆ ಗೋದಾಮಿನಲ್ಲಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಆಯಿತು. ಬೀಗ ಒಡೆದಿಲ್ಲ, ಕಿಟಕಿ ಸರಳು ಬಾಗಿಲ್ಲ. ಮುಂದಿನ ಸುತ್ತಿನ ಪರೀಕ್ಷೆಗೆಂದು ಅಲ್ಲೇ ಇಟ್ಟಿದ್ದ ತಗಡಿನ ಪೆಟ್ಟಿಗೆಯಲ್ಲಿ ಇಪ್ಪತ್ಮೂರು ಫೈಲುಗಳು ಸಾಲಾಗಿ ಇದ್ದವು. ಹದಿನಾರಕ್ಕೂ ಹದಿನೆಂಟಕ್ಕೂ ನಡುವೆ, ಹಲ್ಲು ಬಿದ್ದ ಜಾಗದ ಹಾಗೆ ಒಂದು ಸಂದು. ಬೆಲೆಬಾಳುವ ಇಸಿಜಿ ಯಂತ್ರ ಪಕ್ಕದಲ್ಲೇ ಇತ್ತು. ಕಳ್ಳ ಅದನ್ನು ಮುಟ್ಟಿರಲಿಲ್ಲ.

ಕೀಲಿ ಇರುತ್ತಿದ್ದದ್ದು ಗೋದಾಮು ಕಾಯುವ ಹಂಪಮ್ಮನ ಸೊಂಟದಲ್ಲಿ.

"ನಿನ್ನೆ ಮೊನ್ನೆ ಯಾರರ ಬಂದಿದ್ರೇನಮ್ಮ?"

"ಯಾರೂ ಬಂದಿಲ್ರಿ. ನಿನ್ನೆ ಮಧ್ಯಾಹ್ನ ಬೀರಲಿಂಗೇಶ ಒಬ್ಬನ ಬಂದಿದ್ದ."

"ಮತ್ತ ಯಾರೂ ಬಂದಿಲ್ಲ ಅಂತೀ?"

"ಅವ ಯಾರೂ ಅಲ್ಲರಿ, ಪಾಪ, ಒಳ್ಳೇವ. ಕಂಬಳಿ ಒಳಗ ಬಿಟ್ಟೀನಿ ಬೇ, ತಗಂತೀನಿ ಅಂದ. ಕೀಲಿ ಕೊಟ್ಟೆ."

"ಬಂದಾಗ ಹೆಗಲ ಮ್ಯಾಲ ಏನಿತ್ತು?"

"ಕಂಬಳಿ ಇತ್ರಿ." ಹಂಪಮ್ಮ ಹೇಳಿದವಳೇ ಬಾಯ ಮೇಲೆ ಕೈ ಇಟ್ಟುಕೊಂಡಳು. "ಅಯ್ ನನ್ನ ಬುದ್ಧಿಗಿಷ್ಟು! ಕಂಬಳಿ ಹೊತ್ಕಂಡೇ ಕಂಬಳಿ ಕೇಳ್ಯಾನ ನೋಡ್ರಿ."

ಕಾನ್‌ಸ್ಟೇಬಲ್ ಮಂಜಣ್ಣ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿ ನಿಂತ.

"ಅವ ಬೀರಲಿಂಗೇಶನ ಅಂತ ನಿನಗ ಹೆಂಗ ಗೊತ್ತು?"

"ಆವತ್ತು ಪರೀಕ್ಷಿ ದಿನ ಡಾಕ್ಟರಮ್ಮಾರು ಬೀರಲಿಂಗೇಶ ಅಂತ ಕೂಗಿದ್ರು, ಇವ ಎದ್ದು ಬಂದ. ನಾನ ನೀರು ಕೊಟ್ಟೀನಿ."

ಗಂಗಾಧರ ಹಾಜರಿ ಪುಸ್ತಕ ತರಿಸಿ ನೋಡಿದರು. ಹದಿನೇಳನೇ ಸಾಲಿನಲ್ಲಿ ಬೀರಲಿಂಗೇಶ್, ವಯಸ್ಸು ಇಪ್ಪತ್ತು, ಎತ್ತರ ನೂರಾ ಎಪ್ಪತ್ತಾರು ಸೆಂಟಿಮೀಟರ್. ಸಹಿಯ ಜಾಗದಲ್ಲಿ ಎಡಗೈ ಹೆಬ್ಬೆಟ್ಟು.

ಡಾಕ್ಟರು ಮಧ್ಯಾಹ್ನದ ಬಸ್ಸಿಗೆ ದಾವಣಗೆರೆಗೆ ಹೊರಟರು. ಹತ್ತುವಾಗಲೂ ಒಂದೇ ಮಾತು: "ಹಿಡಿದು ತರುವಾಗ ಓಡಿಸಬೇಡಿ ಸರ್. ಹೆದರಿಸಲೂ ಬೇಡಿ."

ಜನವರಿ ೨೨, ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಮಂಜಣ್ಣ ಬೀರಲಿಂಗೇಶನನ್ನು ಹಟ್ಟಿಯಿಂದ ಜೀಪಿನಲ್ಲಿ ಕರೆತಂದ. ಹದಿಮೂರು ಕಿಲೋಮೀಟರ್ ದಾರಿಗೆ ಒಂದು ತಾಸು ಹಿಡಿದಿತ್ತು. ತುಂಬಿದ ಕೊಡ ತಂದವನ ಹಾಗೆ ನಿಧಾನ ಇಳಿಸಿದ.

"ಮೆಟ್ಲು ಐತಿ, ಸಾವಕಾಶ. ಕೈ ಹಿಡಿಲೇನು?"

"ನನಗೇನಾಗೇತ್ರಿ?" ಬೀರಲಿಂಗೇಶ ಗಾಬರಿಯಾದ. "ಊರಾಗ ಎಲ್ಲಾರೂ ನೋಡಾಕತ್ತಿದ್ರು. ಮದುವಿ ಗಂಡಿನಂಗ ಕರಕಂಡು ಬಂದ್ರಿ."

ಚಹಾ ಕೊಟ್ಟರು. ಫ್ಯಾನು ಅವನ ಕಡೆ ತಿರುಗಿಸಿದರು. ಹಿಂದೆಯೇ ಬಸ್ಸಿಗೆ ಬಂದ ಅವನ ತಾಯಿ ಸುಂಕಮ್ಮ ಬಾಗಿಲ ಬಳಿ ಕೂತು ಇದನ್ನೆಲ್ಲ ನೋಡಿ, "ಪೋಲೀಸ್ರು ಇಷ್ಟು ಚಲೋ ಮಾತಾಡಾಕತ್ತಾರಂದ್ರ ದೊಡ್ಡದ ಏನೋ ಆಗೈತಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗಂಗಾಧರ ಕೇಳಿದರು: "ಭಾನುವಾರ ಮಧ್ಯಾಹ್ನ ಎಲ್ಲಿದ್ದಿ?"

"ಕೂಡ್ಲಿಗಿ ಮೈದಾನದಾಗ ಓಟ ಮಾಡಾಕತ್ತಿದ್ನಿರಿ. ಹತ್ತು ಹುಡುಗ್ರು ಅದಾರ, ಕೇಳ್ರಿ."

"ಡಾಕ್ಟರಮ್ಮನ ಕಾಗದ ಬಂತಾ?"

"ಯಾವ ಕಾಗದರೀ?"

ಡಾಕ್ಟರು ಬಿಟ್ಟುಹೋಗಿದ್ದ ಕಾಗದದ ನಕಲನ್ನು ಗಂಗಾಧರ ಕೊಟ್ಟರು. ಹುಡುಗ ಒಂದೇ ಉಸಿರಿಗೆ ಸರಾಗವಾಗಿ ಓದಿ ಮುಗಿಸಿದ. ಓದಿದ ಮೇಲೆ ಮುಖ ಬಿಳಿಚಿತು. ಅಂಜಿನೇಯಲು ಹೇಳಿಕೆಯ ಹಾಳೆ ಮುಂದಿಟ್ಟ. ಹುಡುಗ ಕೆಳಗೆ ದುಂಡನೆಯ ಸಹಿ ಹಾಕಿದ. ಪಿಯುಸಿ ಪಾಸಾದವನು.

ಗಂಗಾಧರ ಆ ಸಹಿಯನ್ನು ಸ್ವಲ್ಪ ಹೊತ್ತು ನೋಡಿದರು.

"ಆ ಗ್ವಾಡಿಗೆ ಬೆನ್ನು ಹಚ್ಚಿ ನಿಲ್ಲಪ."

ಆರೋಪಿಗಳ ಎತ್ತರ ನೋಡಲು ಗೋಡೆಗೆ ಅಳತೆ ಬರೆದಿತ್ತು. ಮಂಜಣ್ಣ ತಲೆಯ ಮೇಲೆ ಪಟ್ಟಿ ಇಟ್ಟು ಓದಿದ. "ನೂರಾ ಅರವತ್ತೊಂಬತ್ತು ಸರ್."

"ಎರಡು ತಿಂಗಳಾಗ ಏಳು ಸೆಂಟಿಮೀಟರ್ ಕುಳ್ಳಗಾಗ್ಯಾನೇನು ಇವ?"

ಹಂಪಮ್ಮನನ್ನು ಕರೆಸಿದರು. ಆಕೆ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, "ಇವ ಯಾರ್ರಿ? ಬೀರಲಿಂಗೇಶನ್ನ ಕರಕಂಡು ಬರ್ರಿ ಅಂದ್ರ," ಎಂದಳು.

ಗಂಗಾಧರ ಹಾಜರಿ ಪುಸ್ತಕ ತೆರೆದು ಹದಿನೇಳನೇ ಸಾಲಿನ ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟರು.

"ನವೆಂಬರದಾಗ ಗೋದಾಮಿಗೆ ನೀನ ಹೋಗಿದ್ದೇನು?" ಗಂಗಾಧರ ಕೇಳಿದರು.

"ಇಲ್ರಿ. ಅಣ್ಣ ಹೋಗಿದ್ದ. ಪಾಲಾಕ್ಷಣ್ಣ." ಹುಡುಗನ ದನಿಯಲ್ಲಿ ಮುಚ್ಚುಮರೆ ಇರಲಿಲ್ಲ. "ನನಗ ಆವತ್ತು ಕಾಲೇಜಿನಾಗ ಪರೀಕ್ಷಿ ಇತ್ರಿ. ನಿನ್ನ ಪಾಳಿ ನಾ ಮಾಡ್ತೀನಿ ಹೋಗು ಅಂದ. ಅವಂದು ಎರಡು ದಿನ ಕುರಿ ಪಾಳಿ ನಾ ಮಾಡಿದೆ. ಮುಯ್ಯಾಳು ಅಲ್ಲೇನ್ರಿ?"

"ಇದು ಕುರಿ ಕಾಯಾದಲ್ಲಪ. ಮೈ ಪರೀಕ್ಷಿ."

"ಬೆಂಚು ಹತ್ತಿ ಇಳಿಯಾ ಕೆಲಸ ಅಂದ್ರು. ಕೆಲಸ ಅಂದ್ರ ಯಾರು ಮಾಡಿದ್ರೇನು, ಮನಿಯಿಂದ ಒಂದು ಆಳು ಹೋಗಬೇಕು, ಹೋಗ್ಯಾನ." ಹೇಳುತ್ತ ಹೇಳುತ್ತ ಹುಡುಗನ ಮಾತು ನಿಧಾನವಾಯಿತು. ಕೈಯಲ್ಲಿನ ಕಾಗದವನ್ನು ಮತ್ತೊಮ್ಮೆ ನೋಡಿದ. "ಹಂಗಾರ ಇದು... ಅಣ್ಣನ ಗುಂಡಿಗಿ ಏನ್ರಿ?"

ಬಾಗಿಲಲ್ಲಿ ಸುಂಕಮ್ಮ ಎದ್ದು ನಿಂತಳು.

ಹನ್ನೊಂದೂವರೆಗೆ ಗಂಗಾಧರ ದಾವಣಗೆರೆಗೆ ಫೋನು ಮಾಡಿದರು. ನಡೆದದ್ದನ್ನು ಡಾಕ್ಟರಿಗೆ ಹೇಳಿದರು.

"ಹೆಸರು ಕೂಗಿದೆ, ಬಂದವನನ್ನು ಮಲಗಿಸಿದೆ," ಎಂದರು ಆ ಕಡೆಯಿಂದ ಡಾಕ್ಟರು. "ಯಾರು ನೀನು ಅಂತ ಕೇಳಲೇ ಇಲ್ಲ ಸರ್. ತಪ್ಪು ನಂದೂ ಇದೆ. ಅವರಪ್ಪ ಇದ್ದಾರಾ?"

ಗಂಗಾಧರ ಫೋನಿನ ಬಾಯಿಗೆ ಕೈ ಮುಚ್ಚಿ ಸುಂಕಮ್ಮನನ್ನು ಕೇಳಿದರು.

"ನಲವತ್ತಕ್ಕ ಹೋದ್ರಿ. ನರಿ ಬಂತಂತ ಕುರಿ ಹಿಂದ ಓಡಿದ್ರು. ಓಡತಾ ಓಡತಾ ಬಿದ್ರು, ಮತ್ತ ಏಳಲಿಲ್ಲ. ಗಾಳಿ ಬಡೀತು ಅಂದ್ರು ಮಂದಿ. ಗಟ್ಟಿ ಆಳಿದ್ರು ಯಪ್ಪಾ, ಎರಡು ಚೀಲ ಹೊರತಿದ್ರು."

ಗಂಗಾಧರ ಅದನ್ನು ಹಾಗೇ ಫೋನಿನಲ್ಲಿ ಹೇಳಿದರು. ಡಾಕ್ಟರೆಂದರು: "ಈ ಕಾಯಿಲೆ ಮನೆತನದಲ್ಲಿ ಇಳಿದು ಬರುತ್ತೆ ಸರ್. ತಮ್ಮನಿಗೂ ಸ್ಕ್ಯಾನ್ ಆಗುವ ತನಕ ಅವನೂ ಓಡೋದು ಬೇಡ. ದೊಡ್ಡವನು ಎಲ್ಲಿದ್ದಾನೆ?"

ದೊಡ್ಡವನು, ಇಪ್ಪತ್ತಾರು ವಯಸ್ಸಿನ ಪಾಲಾಕ್ಷಪ್ಪ, ಹರಪನಹಳ್ಳಿ ಸೀಮೆಯಲ್ಲಿದ್ದ. ತೆಲಿಗಿಯ ಕಡೆ ಕೊಯ್ಲಾದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸುವ ದಿನಗಳು ಅವು. ಟಪಾಲಿನವನ ಹೇಳಿಕೆಯೂ ಸಂಜೆ ಸಿಕ್ಕಿತು: ಹದಿನೇಳನೇ ತಾರೀಖು ಕಾಗದ ಪಾಲಾಕ್ಷಪ್ಪನ ಕೈಗೆ ಕೊಟ್ಟಿದ್ದ, ಓದಿ ಹೇಳು ಎಂದದ್ದಕ್ಕೆ ಎರಡು ಸಲ ಓದಿಯೂ ಹೇಳಿದ್ದ. "ಕೇಳಿ ಏನಂದ?" ಎಂದರೆ, "ಏನೂ ಅನ್ಲಿಲ್ರಿ. ಬೀಡಿ ಕೊಟ್ಟ," ಎಂದ.

ಜನವರಿ ೨೩, ಬುಧವಾರ. ಅದು ಬೇರೆ ಜಿಲ್ಲೆಯ ಸರಹದ್ದಾದ್ದರಿಂದ ಹರಪನಹಳ್ಳಿ ಠಾಣೆಗೆ ತಿಳಿಸಿ, ಹನ್ನೊಂದು ನಲವತ್ತಕ್ಕೆ ತೆಲಿಗಿ ದಾಟಿ ಕಾಲುವೆ ದಂಡೆಯಲ್ಲಿ ಜೀಪು ನಿಲ್ಲಿಸಿದರು. ಗಂಗಾಧರ, ಅಂಜಿನೇಯಲು, ಮಂಜಣ್ಣ. ಬೇಡವೆಂದರೂ ಕೇಳದೆ ಜೀಪು ಹತ್ತಿದ್ದ ಬೀರಲಿಂಗೇಶ.

ಗದ್ದೆಯ ತುಂಬ ನೂರೈವತ್ತು ಕುರಿ. ನಡುವೆ ಕಂಬಳಿ ಹೊದ್ದ ಎತ್ತರದ ಆಳು. ಖಾಕಿ ಕಂಡದ್ದೇ ಅವನು ಕಂಬಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಕೂಳೆಯ ಮೇಲೆ ಓಟ ಕಿತ್ತ.

ಮಂಜಣ್ಣ ಜೀಪಿನಿಂದ ಹಾರಿದ. ಜಿಲ್ಲೆಯ ನೇಮಕಾತಿ ಓಟದಲ್ಲಿ ಮೊದಲನೆಯವನಾಗಿ ಬಂದು ಖಾಕಿ ತೊಟ್ಟವನು. ಹತ್ತು ಹೆಜ್ಜೆ ಹೋಗಿರಬೇಕು.

"ಮಂಜಣ್ಣ, ನಿಲ್ಲು!"

"ಎರಡ ನಿಮಿಷ ಸರ್! ಹಿಡಿದೇಬಿಡ್ತೀನಿ!"

"ನೀ ಓಡಿದಷ್ಟೂ ಅವ ಓಡತಾನಲೇ! ಹಿಂದಕ ಬಾ. ಕೂತ್ಕ."

"ಕೂತ್ಕಬೇಕಾ ಸರ್?"

"ಕೂತ್ಕ ಅಂದೆ. ಅಂಜಿನೇಯಲು, ನೀನೂ."

ಹೀಗೆ ಆರೋಪಿ ಕಣ್ಣೆದುರಿಗೆ ಓಡುತ್ತಿರುವಾಗ ಕೊಟ್ಟೂರು ಠಾಣೆಯ ಮೂವರು ಕಾಲುವೆ ದಂಡೆಯ ಮೇಲೆ ಸಾಲಾಗಿ ಕೂತರು. ಗಂಗಾಧರರ ಎದೆಯೇ ಡೊಳ್ಳಿನಂತೆ ಬಡಿಯುತ್ತಿತ್ತು. ಮುಂದಕ್ಕೆ ಹೆಜ್ಜೆ ಇಟ್ಟ ಬೀರಲಿಂಗೇಶನ ತೋಳನ್ನು ಅವರು ಗಟ್ಟಿಯಾಗಿ ಹಿಡಿದಿದ್ದರು.

"ನೀನೂ ಓಡಂಗಿಲ್ಲ. ಕೂಗು."

ಹುಡುಗ ಎರಡೂ ಕೈ ಬಾಯಿಗೆ ಹಿಡಿದು ಕೂಗಿದ. ಅಣ್ಣಾ ಎಂದು ಕೂಗಲಿಲ್ಲ. ಚದುರಿದ ಮಂದೆಯನ್ನು ನಿಲ್ಲಿಸಲು ಕುರಿಯವರು ಹಾಕುವ ಕೂಗು: ಕೆಳಗಿಂದ ಎದ್ದು, ಮೇಲೆ ಹೋಗಿ, ಅಲ್ಲೇ ತೂಗಿ ಇಳಿಯುವ ಉದ್ದನೆಯ "ಹೋ... ಓ... ಓ... ತ್ರ್ರಾ." ನೂರೈವತ್ತು ಕುರಿಯೂ ತಲೆ ಎತ್ತಿ ನಿಂತವು. ಆ ಕೂಗಿಗೆ ನಿಂತು ಅಭ್ಯಾಸವಾದ ಕಾಲುಗಳು ಪಾಲಾಕ್ಷಪ್ಪನವೂ ಆಗಿದ್ದವು. ಓಟ ನಡಿಗೆಯಾಯಿತು. ನಿಂತ. ತಿರುಗಿ ನೋಡಿದ. ಬೆನ್ನಟ್ಟಬೇಕಾದ ಪೊಲೀಸರು ಕೂತಿದ್ದರು. ಏನು ಮಾಡಬೇಕೋ ತೋಚದೆ ಅವನೂ ಬದುವಿನ ಮೇಲೆ ಕುಕ್ಕರಿಸಿದ, ಮೊಣಕಾಲಿನ ಮೇಲೆ ಕೈಯಿಟ್ಟು ಏದುತ್ತ.

ಗಂಗಾಧರ ಗಡಿಯಾರ ನೋಡಿ ಹತ್ತು ನಿಮಿಷ ಬಿಟ್ಟರು. ಆಮೇಲೆ ನಾಲ್ವರೂ ನಿಧಾನ ನಡೆದು ಹೋದರು.

"ಸುಸ್ತಾತೇನಪ?"

"ಹೂಂರಿ. ಎದಿ ಹಿಡದಂಗಾಗಿತ್ತು. ಈಗ ಬಿಡ್ತು."

"ಹಿಂದೆ ಎಂದರ ಹಂಗಾಗಿತ್ತಾ?"

"ಎರಡು ಮೂರು ಸಲ. ಚೀಲ ಹೊತ್ತಾಗ." ತಮ್ಮನ ಕಡೆ ನೋಡದೆ ಹೇಳಿದ.

ಸುತ್ತಿದ ಕಂಬಳಿಯೊಳಗೆ, ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಫೈಲು ಸಿಕ್ಕಿತು. ಪಕ್ಕದ ಗದ್ದೆಯ ಇಬ್ಬರನ್ನು ಪಂಚರನ್ನಾಗಿ ಕರೆದು ಜಪ್ತಿ ಪಂಚನಾಮೆ ಬರೆದರು.

"ಸುಟ್ಟಿದ್ರ ನಮಗ ಸಿಗತಿರಲಿಲ್ಲ. ಯಾಕ ಸುಡಲಿಲ್ಲ?"

"ಗುಂಡಿಗಿ ಚಿತ್ರ ಅಲ್ಲೇನ್ರಿ? ಬೆಂಕಿಗೆ ಹಾಕಾಕ ಕೈ ಬರಲಿಲ್ಲ." ಸ್ವಲ್ಪ ತಡೆದು, "ಅಲ್ರಿ ಸಾಹೇಬ್ರ, ಒಂದು ಮಾತು. ಅದು ನಂದ ಗುಂಡಿಗಿ. ತಮ್ಮನ ಹೆಸರಿನಾಗ ಕುಂತಿತ್ತು. ನಂದು ನಾ ತಂದೀನಿ. ಕಳವು ಹೆಂಗಾಕ್ಕತಿ?"

ಅಂಜಿನೇಯಲು ಬರೆಯುವುದನ್ನು ನಿಲ್ಲಿಸಿ ಸಾಹೇಬರ ಮುಖ ನೋಡಿದ. ಅವನಿಗೂ ಆ ಕ್ಷಣ ಕಲಂ ಬಗ್ಗೆ ಅನುಮಾನ ಬಂದಿತ್ತು.

"ಗುಂಡಿಗಿ ನಿಂದು. ಕಾಗದ ಡಾಕ್ಟರಮ್ಮಂದು," ಎಂದರು ಗಂಗಾಧರ. "ತಮ್ಮನ ನೌಕರಿ ತಪ್ಪತೈತಿ ಅಂತ ತಗಂಡಿ. ಅದನ್ನ ಅವರು ಪೋಲೀಸ್ ನೇಮಕಾತಿಗೆ ಕೊಡ್ತಾರಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ಸರ್ಕಾರಿ ಮೊಹರಿತ್ತು ಕಾಗದದ ಮ್ಯಾಲ. ಎಲ್ಲಾ ಸರ್ಕಾರನೂ ಒಂದ ಅಲ್ಲೇನ್ರಿ?"

"ಅಲ್ಲಪ. ಆಕಿ ಯಾರಿಗೂ ತೋರಸಂಗಿಲ್ಲ. ಕೇಳಿದ್ರ ಒಂದು ಮಾತಿಗೆ ಮುಗೀತಿತ್ತು."

ಬಂಧನದ ವೇಳೆ ಹನ್ನೆರಡು ಐವತ್ತು. ಬೇಡಿ ಹಾಕಲಿಲ್ಲ. ಸಂಬಂಧಿಕರಿಗೆ ತಿಳಿಸಬೇಕೆಂಬ ನಿಯಮದ ಕಾಲಮಿನಲ್ಲಿ ಬೀರಲಿಂಗೇಶನೇ ಸಹಿ ಹಾಕಿದ. ಸಹಿ ಮುಗಿಸಿ ಸುಮ್ಮನೆ ಹೋಗಿ, ನೆಲಕ್ಕೆ ಬಿದ್ದಿದ್ದ ಅಣ್ಣನ ಕೋಲನ್ನು ಎತ್ತಿಕೊಂಡ.

"ಇಡಲೇ ಅದನ್ನ," ಪಾಲಾಕ್ಷಪ್ಪ ಗದರಿದ. ಅಷ್ಟು ಹೊತ್ತಿಗೆ ಮೊದಲ ಸಲ ಅವನ ದನಿ ಏರಿತ್ತು.

"ಕುರಿ ಯಾರು ನೋಡಬೇಕು?"

"ಇಡು ಅಂದೆ."

"ಕೂಗಾಡಬ್ಯಾಡ್ರಿ ಇಬ್ರೂ," ಎಂದರು ಗಂಗಾಧರ. "ಅವನೂ ನಮ್ಮ ಜೋಡಿ ಬರ್ತಾನ, ಸ್ಕ್ಯಾನಿಗೆ. ಊರಿಂದ ಯಾರರ ಬರೋತನಕ ಮಂಜಣ್ಣ ಕುರಿ ನೋಡತಾನ."

"ನಾನಾ ಸರ್? ನಮ್ಮಪ್ಪ ಟೇಲರ್ ಸರ್!"

"ಕರೀದು ಒಂದು ಟಗರು ಐತ್ರಿ," ಪಾಲಾಕ್ಷಪ್ಪ ಕಾಳಜಿಯಿಂದ ಹೇಳಿದ. "ಅದಕ್ಕ ಬೆನ್ನು ತೋರಿಸಬ್ಯಾಡ್ರಿ. ಉಳಿದವು ಬಡವು."

ಬಂಧಿತನಿಗೆ ವೈದ್ಯಕೀಯ ತಪಾಸಣೆ ಆಗಲೇಬೇಕೆಂಬುದು ಕಾನೂನು. ಯಾವ ಊರಿನಲ್ಲಿ ಆಗಬೇಕೆಂದು ಕಾನೂನು ಹೇಳಿರಲಿಲ್ಲ. ಮೇಲಧಿಕಾರಿಗಳಿಗೆ ಫೋನಿನಲ್ಲಿ ತಿಳಿಸಿ ಗಂಗಾಧರ ಜೀಪನ್ನು ದಾವಣಗೆರೆಗೆ ತಿರುಗಿಸಿದರು. ಮೂರೂ ಹತ್ತಕ್ಕೆ ಡಾಕ್ಟರ್ ಸೌಭಾಗ್ಯ ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದರು. ತನ್ನ ಪೆಟ್ಟಿಗೆಗೆ ಕೈ ಹಾಕಿದ ಕಳ್ಳನನ್ನು ನೋಡಿ ಅವರು ಮೊದಲು ಕೇಳಿದ್ದು, "ಮಧ್ಯಾಹ್ನ ಊಟ ಮಾಡಿದ್ಯಾ?" ಎಂದು. ಎರಡನೆಯದು, "ನಿನ್ನ ಹೆಸರೇನಪ್ಪ?"

"ಪಾಲಾಕ್ಷಪ್ಪರಿ."

"ಪಾಲಾಕ್ಷಪ್ಪ," ಎಂದು ಡಾಕ್ಟರು ಹೇಳಿಕೊಂಡು, ಹೊಸ ಹಾಳೆಯಲ್ಲಿ ಬರೆದರು.

ಇಬ್ಬರಿಗೂ ಸ್ಕ್ಯಾನ್ ಆಯಿತು. ಅಣ್ಣನ ಗುಂಡಿಗೆಯ ನಡುಗೋಡೆ ದಪ್ಪಗಾಗಿತ್ತು. ದಿನವೂ ಮಾತ್ರೆ, ಭಾರ ಹೊರುವಂತಿಲ್ಲ, ಓಡುವಂತಿಲ್ಲ. ನಿಧಾನ ನಡೆಯಬಹುದು, ಹುಷಾರಾಗಿದ್ದರೆ ಬಹಳ ಕಾಲ ನಡೆಯಬಹುದು. ತಮ್ಮನ ಗುಂಡಿಗೆಗೆ ಏನೂ ಆಗಿರಲಿಲ್ಲ. ಪಳಗಿದ ಗುಂಡಿಗೆ, ಅಷ್ಟೆ. ಸೋಮವಾರ ಓಡಲು ಅಡ್ಡಿಯಿಲ್ಲ, ವರ್ಷ ಎರಡು ವರ್ಷಕ್ಕೊಮ್ಮೆ ಬಂದು ತೋರಿಸಲಿ ಎಂದು ತಜ್ಞರು ಬರೆದುಕೊಟ್ಟರು.

ಐದು ಗಂಟೆಗೆ ಆಸ್ಪತ್ರೆಯ ಹೊರಗಿನ ಬೇವಿನ ಕಟ್ಟೆಯ ಮೇಲೆ ಗಂಗಾಧರ ಆರೋಪಿಯ ಹೇಳಿಕೆ ತೆಗೆದುಕೊಂಡರು. ತಮ್ಮ ಚಹಾ ತರಲು ಹೋಗಿದ್ದ.

"ನೇಮಕಾತಿಗೆ ಅಡ್ಡಿ ಆಗಬಾರದಂತ ತಗಂಡಿ. ಸರಿ. ಆದ್ರ ಮನಿಯಾಗರ ಹೇಳಬಹುದಿತ್ತಲ್ಲ, ಅದು ನನ್ನ ಗುಂಡಿಗಿ ಅಂತ. ಎದಿ ಹಿಡೀತಿತ್ತು ಅಂತೀ. ಸಾಯಾಕ ಹೊಂಟಿದ್ದೇನು?"

ಪಾಲಾಕ್ಷಪ್ಪ ಗೇಟಿನ ಕಡೆ, ತಮ್ಮ ಹೋದ ದಾರಿ ನೋಡಿದ. ಗಂಗಾಧರ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಬೇವಿನಲ್ಲಿ ಹಕ್ಕಿಗಳು ಜಾಗಕ್ಕೆ ಜಗಳಾಡಿ ಸುಮ್ಮನಾಗುವಷ್ಟು ಹೊತ್ತು ಹೋಯಿತು.

"ಅಪ್ಪ ಬಿದ್ದಾಗ ನನಗ ಹದಿನಾಲ್ಕರಿ," ಎಂದ ಕೊನೆಗೆ. "ಮಣ್ಣು ಮಾಡಿ ಬಂದ್ವಿ. ಕುರಿ ಹಟ್ಟಿಯಾಗ ಒದರಾಕತ್ತಿದ್ವು. ಯಾರೂ ನನಗೆ ಹೋಗು ಅನ್ನಲಿಲ್ಲ. ಅಪ್ಪನ ಕೋಲು ಬಾಗಿಲ ಹಿಂದಿತ್ತು, ತಗಂಡು ಹೊಂಟೆ. ಇವನ ಸಾಲಿ ಚೀಲ ಅಲ್ಲೇ ಗೂಟಕ್ಕಿತ್ತು. ಇವ ಆಗ ಎಂಟು ವರ್ಷದಾವ, ಆ ಚೀಲ ಹಾಕ್ಕಂಡು ಸಾಲಿಗೆ ಹೋದ."

ಒಮ್ಮೆ ಉಸಿರೆಳೆದುಕೊಂಡ.

"ನನಗ ಹಿಂಗಾಗೇತಿ ಅಂತ ಇವಗ ಗೊತ್ತಾದ್ರ ಅದೇ ದಿನ ಬಂದು ನನ್ನ ಕೈಯಾಗಿನ ಕೋಲು ಕಸಗಂತಾನ್ರಿ. ಯಾರೂ ಹೇಳಾದು ಬ್ಯಾಡ. ಇವತ್ತು ನೋಡಿದ್ರಲ್ಲ. ಸೋಮವಾರ ಒಂದು ದಿನ ಓಡಿಬಿಡಲಿ, ಖಾಕಿ ಹಾಕ್ಕಂಬಿಡಲಿ, ಆಮ್ಯಾಲ ಏನರ ಆಗಲಿ, ಹೇಳಿದ್ರಾತು ಅಂದ್ಕಂಡಿದ್ದೆ. ಐದು ದಿನದ ಮಾತು."

ಆಸ್ಪತ್ರೆಯ ಗೇಟಿನ ಕಡೆಯಿಂದ ಬೀರಲಿಂಗೇಶ ಮೂರು ಲೋಟ ಚಹಾ ಹಿಡಿದು, ಚೆಲ್ಲದಂತೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ ಬರುತ್ತಿದ್ದ. ಪಾಲಾಕ್ಷಪ್ಪ ಮಾತು ನಿಲ್ಲಿಸಿ, ಹೇಳಿಕೆಯ ಕೆಳಗೆ ಹೆಬ್ಬೆಟ್ಟು ಒತ್ತಿದ.

ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಎಂಬ ಕಡೆ ಗಂಗಾಧರ ಸಾಮಾನ್ಯವಾಗಿ ಎರಡು ಮೂರು ಪದಗಳನ್ನೇ ಬಳಸುತ್ತಿದ್ದರು: ದುರಾಸೆ, ಹಳೇ ವೈಷಮ್ಯ, ಕುಡಿತ. ಆ ಸಂಜೆ ಪೆನ್ನು ಹಿಡಿದು ಚಹಾ ಆರುವ ತನಕ ಕೂತರು. ಆಮೇಲೆ ಬರೆದರು: "ತಮ್ಮನ ಕೈಗೆ ಕೋಲು ಬಾರದಿರಲಿ ಎಂದು."